ಕಪ್ಪೆಯ ಕಾಲು ಅಳೆದರೆ ಕೆರೆಯ ಸ್ಥಿತಿ ತಿಳಿಯುತ್ತದೆಯೇ?

ಪ್ರಶ್ನೆ: ಪ್ರಾಣಿಗಳ ಎಡ-ಬಲ ಅಂಗಗಳು ಸಮನಾಗಿಲ್ಲದಿದ್ದರೆ ಪರಿಸರ ಕೆಟ್ಟಿದೆ ಎಂದು ಓದಿದೆ. ಎರಡು ಕೆರೆಗಳ ಕಪ್ಪೆಗಳನ್ನು ಅಳೆದು ಹೋಲಿಸಬಹುದೇ?

ಉತ್ತರ: ಹೋಲಿಸಬಹುದು, ಆದರೆ ಅಳತೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಎರಡೂ ಕಾಲುಗಳು ಬೆಳೆಯುವುದು ಒಂದೇ ವಂಶವಾಹಿಗಳಿಂದ. ಬೆಳೆಯುವ ಹೊತ್ತಿನಲ್ಲಿ ವಿಷ, ಹಸಿವು, ರೋಗ ಕಾಡಿದರೆ ಸಣ್ಣ ಏರುಪೇರುಗಳನ್ನು ಸರಿದೂಗಿಸುವ ಶಕ್ತಿ ಕುಗ್ಗಬಹುದು. ಒಂದು ಕಪ್ಪೆಗೆ ಎಡಗಾಲು, ಇನ್ನೊಂದಕ್ಕೆ ಬಲಗಾಲು ತುಸು ಉದ್ದವಾಗುತ್ತದೆ. ಈ ವ್ಯತ್ಯಾಸ ಸಾಮಾನ್ಯವಾಗಿ ಅಂಗದ ಉದ್ದದ ಶೇ. 1ರ ಆಸುಪಾಸು. ಮೊಣಕಾಲಿನ ಕೆಳಗಿನ ಮೂಳೆ 20 ಮಿ.ಮೀ. ಇದ್ದರೆ ನೀವು ಹುಡುಕುತ್ತಿರುವುದು 0.2 ಮಿ.ಮೀ. ಕ್ಯಾಲಿಪರನ್ನು (ಎರಡು ದವಡೆಗಳ ನಡುವೆ ಹಿಡಿದು ಉದ್ದ ಅಳೆಯುವ ಉಪಕರಣ) ಸ್ವಲ್ಪ ಒತ್ತಿ ಹಿಡಿದರೂ ಮಾಂಸ ಕುಗ್ಗಿ ಅಷ್ಟೇ ತಪ್ಪು ನುಸುಳುತ್ತದೆ.

ಹಾಗಾಗಿ 0.01 ಮಿ.ಮೀ. ತೋರಿಸುವ ಡಿಜಿಟಲ್ ಕ್ಯಾಲಿಪರ್ ಬಳಸಿ. ಮೊಣಕಾಲು, ಹಿಮ್ಮಡಿ ಎರಡನ್ನೂ ಮಡಿಸಿ, ಎರಡು ಕೀಲುಗಳ ನಡುವೆ ಅಳೆಯಿರಿ. ಒಬ್ಬರೇ ಅಳೆಯಲಿ, ಯಾವ ಕೆರೆಯ ಕಪ್ಪೆ ಎಂಬುದು ಅವರಿಗೆ ಗೊತ್ತಿರಬಾರದು. ಪ್ರತಿ ಕಾಲನ್ನೂ ಕನಿಷ್ಠ ಎರಡು ಸಲ, ಮೊದಲಿನ ಅಂಕಿ ನೋಡದೆ ಅಳೆಯಬೇಕು. ಇದೊಂದನ್ನು ಮಾಡದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ: ಕೈತಪ್ಪಿನಿಂದ ಬಂದ ವ್ಯತ್ಯಾಸ ಎಷ್ಟು, ಕಪ್ಪೆಯದೇ ಎಷ್ಟು ಎಂದು ಬೇರ್ಪಡಿಸಲು ಆಗುವುದೇ ಇಲ್ಲ. ಕೆರೆಗೆ 50 ಕಪ್ಪೆಗಳಾದರೂ ಇರಲಿ, ಎಲ್ಲವೂ ಒಂದೇ ಪ್ರಭೇದದ ವಯಸ್ಕ ಕಪ್ಪೆಗಳು. ಮುರಿದು ಕೂಡಿದ ಕಾಲಿನವನ್ನು ಕೈಬಿಡಿ. ಹಿಡಿಯಲು ಅನುಮತಿ ಪಡೆಯಿರಿ. ಕೈ ಒದ್ದೆಯಿರಲಿ, ಕೆರೆಯಿಂದ ಕೆರೆಗೆ ಶಿಲೀಂಧ್ರ ರೋಗ ಹರಡದಂತೆ ಬಲೆ, ಬೂಟುಗಳನ್ನು ಸೋಂಕುನಾಶಕದಿಂದ ತೊಳೆಯಿರಿ.

ಲೆಕ್ಕಕ್ಕೆ ಕೂತಾಗ ಮೊದಲು ಬಲದಿಂದ ಎಡ ಕಳೆದು ಸರಾಸರಿ ನೋಡಿ. ಅದು ಸೊನ್ನೆಯ ಸುತ್ತ ಇರಬೇಕು. ಬಹುಪಾಲು ಕಪ್ಪೆಗಳಲ್ಲಿ ಒಂದೇ ಕಡೆಯ ಕಾಲು ಉದ್ದವಿದ್ದರೆ ಅದು ಆ ಪ್ರಭೇದದ ಸಹಜ ರಚನೆಯಿರಬಹುದು, ಅಥವಾ ಅಳೆಯುವವರ ಕೈ ಒಂದೇ ಕಡೆಗೆ ವಾಲುತ್ತಿರಬಹುದು. ಸರಾಸರಿ ಸೊನ್ನೆಯ ಸುತ್ತಲೇ ಇದ್ದರೆ, ಯಾವ ಕಾಲು ಉದ್ದ ಎಂಬುದನ್ನು ಬಿಟ್ಟು, ಪ್ರತಿ ಕಪ್ಪೆಯ ವ್ಯತ್ಯಾಸದ ಗಾತ್ರವನ್ನು ಕಾಲಿನ ಸರಾಸರಿ ಉದ್ದದಿಂದ ಭಾಗಿಸಿ ಕೆರೆಗಳನ್ನು ಹೋಲಿಸಿ. ಒಂದೇ ಅಂಗ ನೆಚ್ಚಬೇಡಿ. ತೊಡೆ, ಮುಂಗೈಗಳನ್ನೂ ಅಳೆದು ಒಟ್ಟಾಗಿ ನೋಡಿ.

ಫಲಿತಾಂಶ ಓದುವಾಗಲೂ ಎಚ್ಚರ ಬೇಕು. ಹಲವು ಅಧ್ಯಯನಗಳಲ್ಲಿ ವಿಷ, ಹಸಿವಿನಂಥ ಒತ್ತಡಕ್ಕೂ ಅಸಮತೆಗೂ ನಂಟು ಕಂಡಿಲ್ಲ. ತೀರಾ ಕೆಟ್ಟ ನೀರಿನಲ್ಲಿ ದುರ್ಬಲ ಗೊದಮೊಟ್ಟೆಗಳು ಮೊದಲೇ ಸತ್ತು, ಉಳಿದ ಕಪ್ಪೆಗಳು ಸಮವಾಗಿಯೇ ಕಾಣಬಹುದು. ಕಾಲು ಅಸಮವಾದರೂ ಕಾರಣ ಯಾವುದೆಂದು ಕಾಲು ಹೇಳುವುದಿಲ್ಲ. ಅದಕ್ಕೆ ನೀರಿನ ಪರೀಕ್ಷೆಯೇ ಆಗಬೇಕು.

ಪ್ರಶ್ನೆ: ಕೆಲವು ಏಡಿಗಳಿಗೆ ಒಂದು ಕೊಂಡಿ ಬಲು ದೊಡ್ಡದಿರುತ್ತದೆ. ಅದೂ ಒತ್ತಡದ ಗುರುತೇ?

ಉತ್ತರ: ಅಲ್ಲ. ಫಿಡ್ಲರ್ ಏಡಿಯ ಗಂಡುಗಳಲ್ಲಿ ಅದು ಸಹಜ. ಹೆಣ್ಣನ್ನು ಕರೆಯಲು, ಇತರ ಗಂಡುಗಳೊಡನೆ ಕಾದಾಡಲು ಆ ಕೊಂಡಿ ಬೇಕು. ಇಂಥ ಅಂಗವನ್ನು ಈ ಅಳತೆಗೆ ಆರಿಸಬಾರದು.