ಚೆಕರ್ಸ್ ಆಟದಲ್ಲಿ ಎದುರಾಳಿಯ ಕಾಯಿ ಸಿಕ್ಕರೆ ಹೊಡೆಯಲೇಬೇಕು ಅನ್ನುವ ನಿಯಮ ಏಕಿದೆ?

ಆ ಕಡ್ಡಾಯ ಇಲ್ಲದಿದ್ದರೆ ಆಟ ಬಹುಬೇಗ ಕಟ್ಟಿಕೊಂಡು ನಿಂತುಬಿಡುತ್ತದೆ.

ಕಾಯಿ ಹೊಡೆಯಬೇಕಾದರೆ ಅದರ ಮೇಲಿಂದ ಓರೆಯಾಗಿ ಜಿಗಿದು, ಆಚೆಯ ಮನೆಯಲ್ಲಿ ಇಳಿಯಬೇಕು. ಆ ಮನೆ ತುಂಬಿದ್ದರೆ ಜಿಗಿಯುವಂತಿಲ್ಲ. ಹಾಗಾಗಿ ಕಾಯಿಗಳನ್ನು ಒಂದರ ಹಿಂದೊಂದು ಒತ್ತಾಗಿ ನಿಲ್ಲಿಸಿದರೆ ಅದೊಂದು ಗೋಡೆ. ಇಬ್ಬರೂ ಹೀಗೆ ಗೋಡೆ ಕಟ್ಟಿ ಕುಳಿತರೆ ಯಾರು ಯಾರನ್ನೂ ಮುಟ್ಟಲಾಗದು.

ಕಡ್ಡಾಯವೇ ಆ ಗೋಡೆ ಒಡೆಯುವ ದಾರಿ. ನಾನು ಬೇಕೆಂದೇ ಒಂದು ಕಾಯಿಯನ್ನು ನಿಮ್ಮ ಮುಂದೆ ಒಡ್ಡಿದೆ ಎನ್ನಿ. ನೀವು ಬೇಡ ಅನ್ನುವಂತಿಲ್ಲ. ಹೊಡೆಯಲು ನಿಮ್ಮ ಕಾಯಿ ತನ್ನ ಜಾಗ ಬಿಡಲೇಬೇಕು. ಅದು ಬಿಟ್ಟ ಮನೆ ಖಾಲಿಯಾಯಿತು. ಈಗ ನನ್ನ ಇನ್ನೊಂದು ಕಾಯಿ ಆ ಖಾಲಿ ಮನೆಗೆ ಜಿಗಿಯುತ್ತದೆ, ಅಲ್ಲಿಂದ ಮತ್ತೊಂದು ಹೊಡೆತ ಸಿಕ್ಕರೆ ಅದೇ ಸರದಿಯಲ್ಲಿ ಮುಂದುವರಿಯುತ್ತದೆ. ಒಂದು ಕೊಟ್ಟು ಎರಡು, ಕೆಲವೊಮ್ಮೆ ಮೂರು! ನನ್ನ ಮಟ್ಟಿಗೆ ಈ ಆಟದ ಸೊಗಸೆಲ್ಲ ಇಲ್ಲೇ ಇದೆ: ಎದುರಾಳಿಯ ನಡೆಯನ್ನೂ ನೀವೇ ಆಡಿಸಬಹುದು.

ಎರಡು ಹೊಡೆತಗಳು ಒಟ್ಟಿಗೆ ಎದುರಾದರೆ? 64 ಮನೆಗಳ, ತಲಾ 12 ಕಾಯಿಗಳ ಚೆಕರ್ಸ್‌ನಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಇದೇ ಆಟದ ಇನ್ನೊಂದು ರೂಪವಾದ, 100 ಮನೆಗಳ ಅಂತರರಾಷ್ಟ್ರೀಯ ಡ್ರಾಫ್ಟ್ಸ್‌ನಲ್ಲಿ ಆ ಸಲೀಸಿಲ್ಲ. ಹೆಚ್ಚು ಕಾಯಿ ಸಿಗುವ ಹೊಡೆತವನ್ನೇ ಆಡಬೇಕು.

ಹಿಂದೆ, ಹೊಡೆಯದೆ ಬಿಟ್ಟವರ ಕಾಯಿಯನ್ನು ಎದುರಾಳಿ ಎತ್ತಿಕೊಳ್ಳುವ ಪದ್ಧತಿ ಇತ್ತು. ಈಗಿನ ಸ್ಪರ್ಧೆಗಳಲ್ಲಿ ಅದಿಲ್ಲ. ತಪ್ಪು ನಡೆಯನ್ನು ಹಿಂತೆಗೆದು ಹೊಡೆಯಬೇಕು.