ಮಾಸಿದ ಮೂಲ ಬಣ್ಣವನ್ನು ಹಾಗೆಯೇ ಉಳಿಸಿಕೊಂಡು ಹಳೆಯ ಕಬ್ ಕ್ಯಾಡೆಟ್ ಗಾರ್ಡನ್ ಟ್ರ್ಯಾಕ್ಟರನ್ನು ಮತ್ತೆ ಓಡಿಸಬಹುದೇ?

ಓಹಾಯೋದಲ್ಲಿ ನೀವು ಕೊಂಡ ಮನೆಯ ಶೆಡ್ಡಿನಲ್ಲಿ ಕಬ್ ಕ್ಯಾಡೆಟ್ 100 ಸಿಕ್ಕಿದೆ, ಎಂಜಿನ್ ತಿರುಗುತ್ತಿಲ್ಲ, ಹಳದಿ ಬಣ್ಣ ಮಾಸಿ ಅಲ್ಲಲ್ಲಿ ಬರಿಯ ಕಬ್ಬಿಣ ಕಾಣುತ್ತಿದೆ, ಎಲ್ಲವನ್ನೂ ಉಜ್ಜಿ ಹೊಸ ಬಣ್ಣ ಹೊಡೆಯಬೇಕೇ ಅಥವಾ ಇದ್ದ ಹಾಗೆಯೇ ಇಟ್ಟುಕೊಂಡು ಬಳಸಬಹುದೇ ಎಂದು ಕೇಳಿದ್ದೀರಿ. ಬಣ್ಣವನ್ನು ಮುಟ್ಟಬೇಡಿ, ಯಂತ್ರವನ್ನು ಮಾತ್ರ ಯಾವ ರಾಜಿಯೂ ಇಲ್ಲದೆ ಸರಿಪಡಿಸಿ ಎಂಬುದು ನನ್ನ ಉತ್ತರ. ಪಕ್ಕದ ಇಂಡಿಯಾನಾದಲ್ಲಿ ಇದೇ ಕುಟುಂಬಕ್ಕೆ ಸೇರಿದ ಒಂದು ಟ್ರ್ಯಾಕ್ಟರನ್ನು ನಾನು ಹೀಗೆಯೇ ಸಿದ್ಧಪಡಿಸಿಕೊಂಡು ಬೇಸಿಗೆಯಲ್ಲಿ ಹುಲ್ಲಿಗೂ ಚಳಿಗಾಲದಲ್ಲಿ ಹಿಮ ತಳ್ಳುವುದಕ್ಕೂ ಬಳಸುತ್ತಿರುವುದರಿಂದ, ಕೆಲಸದ ಕ್ರಮವನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯು ಕೆಂಟಕಿಯ ಲೂಯಿವಿಲ್ ಕಾರ್ಖಾನೆಯಲ್ಲಿ ಮೊದಲ ಕಬ್ ಕ್ಯಾಡೆಟ್ ತಯಾರಿಸಿದ್ದು 1961ರ ಮಾದರಿ ವರ್ಷಕ್ಕೆ. ಅದರಲ್ಲಿ 7 ಅಶ್ವಶಕ್ತಿಯ ಕೊಹ್ಲರ್ ಎಂಜಿನ್ ಇತ್ತು, ಶಕ್ತಿಯು ಬೆಲ್ಟಿನ ಮೂಲಕ ಹಿಂದಕ್ಕೆ ಸಾಗುತ್ತಿತ್ತು. 1963ರಲ್ಲಿ 70 ಮತ್ತು 100 ಎಂಬ ಮಾದರಿಗಳು ಬಂದಾಗ ಬೆಲ್ಟಿನ ಜಾಗಕ್ಕೆ ನೇರವಾದ ಶಾಫ್ಟ್ ಬಂತು, ನಿಮ್ಮ 100ಕ್ಕೆ 10 ಅಶ್ವಶಕ್ತಿಯ ಕೊಹ್ಲರ್ ಕೆ241 ಎಂಜಿನ್ ಸಿಕ್ಕಿತು. ಒಂದೇ ಸಿಲಿಂಡರಿನ, ಎರಕದ ಕಬ್ಬಿಣದ ಈ ಎಂಜಿನ್ನಿನ ಪಿಸ್ಟನ್ ರಿಂಗು, ವಾಲ್ವು, ಗ್ಯಾಸ್ಕೆಟ್ಟು, ಕಿಡಿಯ ವ್ಯವಸ್ಥೆಯ ಪಾಯಿಂಟುಗಳೆಲ್ಲ ಇವತ್ತಿಗೂ ಹೊಸದಾಗಿಯೇ ಸಿಗುತ್ತವೆ. ಅವು ಸವೆದಾಗ ಬದಲಾಯಿಸಲೆಂದೇ ಮಾಡಿದ ಭಾಗಗಳು. ಕಾರ್ಖಾನೆಯಲ್ಲಿ ಒಮ್ಮೆ ಬಳಿದ ಬಣ್ಣಕ್ಕೆ ಮಾತ್ರ ಬದಲಿ ಭಾಗವೆಂಬುದಿಲ್ಲ. ಅದೇ ಹಳದಿಯ ಡಬ್ಬಿಯನ್ನು ತಂದು ಎಷ್ಟು ಚೆನ್ನಾಗಿ ಬಳಿದರೂ ಅದು ನೀವು ಬಳಿದ ಬಣ್ಣವಾಗುತ್ತದೆಯೇ ಹೊರತು ಹಳೆಯದು ಹಿಂತಿರುಗಿ ಬರುವುದಿಲ್ಲ. ಆದ್ದರಿಂದ ಮುಂದೆ ಬೇಡವೆನಿಸಿದರೆ ಒರೆಸಿ ತೆಗೆಯಬಹುದಾದದ್ದನ್ನು ಮಾತ್ರ ಹೊರಮೈಗೆ ಹಚ್ಚಬೇಕೆಂಬ ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ.

ಉಜ್ಜದಿರುವುದಕ್ಕೆ ಆರೋಗ್ಯದ ಕಾರಣವೂ ಇದೆ. ಆ ಕಾಲದ ಹಳದಿ ಮತ್ತು ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಕೆ ಸಾಮಾನ್ಯವಾಗಿತ್ತು. ಅಮೆರಿಕದಲ್ಲಿ ಮನೆ ಬಳಕೆಯ ಬಣ್ಣಗಳಿಗೆ ಸೀಸ ಬೆರೆಸುವುದನ್ನು ನಿಷೇಧಿಸಿದ್ದೇ 1978ರಲ್ಲಿ. ಮಕ್ಕಳಿರುವ ಮನೆಯ ಗರಾಜಿನಲ್ಲಿ ಗ್ರೈಂಡರಿಗೆ ತಂತಿಯ ಬ್ರಷ್ಷು ಸಿಕ್ಕಿಸಿ ಅಂಥ ಬಣ್ಣವನ್ನು ಧೂಳು ಮಾಡುವುದು ಒಳ್ಳೆಯ ಕೆಲಸವಲ್ಲ. ತುಕ್ಕಿನ ಜಾಗವನ್ನು ಉಜ್ಜಲೇಬೇಕಾಗಿ ಬಂದರೆ ಎಣ್ಣೆ ಅಥವಾ ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿ, ಕೈಗವಸು ಧರಿಸಿ, ಒರೆಸಿದ ಬಟ್ಟೆಯನ್ನು ಮನೆಯ ಬಟ್ಟೆಗಳೊಂದಿಗೆ ಒಗೆಯಬೇಡಿ.

ಕೈಹಾಕುವ ಮೊದಲು ಎಲ್ಲ ಕಡೆಯಿಂದಲೂ ಫೋಟೋ ತೆಗೆದುಕೊಂಡು, ಬಣ್ಣ ಹೋಗಿರುವ ಜಾಗಗಳನ್ನು ಎರಡು ಬಗೆಯಾಗಿ ವಿಂಗಡಿಸಿಕೊಳ್ಳಿ. ಪಾದ ಇಡುವ ಜಾಗ, ಕ್ಲಚ್ ಮತ್ತು ಬ್ರೇಕಿನ ಪೆಡಲುಗಳು, ಬ್ಲೇಡು ಎತ್ತುವ ಸನ್ನೆಕೋಲಿನ ಹಿಡಿ, ಬಾನೆಟ್ಟನ್ನು ಎತ್ತಲು ಕೈ ಹಾಕುವ ಅಂಚು, ಇವೆಲ್ಲ ಬಳಕೆಯಿಂದ ಸವೆದಿರುತ್ತವೆ. ಅಲ್ಲಿ ಕಬ್ಬಿಣವು ನಯವಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ, ಅದು ಹಾಗೆಯೇ ಇರಲಿ. ಎರಡನೆಯದು ತೇವ ನಿಂತು ಹುಟ್ಟಿದ ತುಕ್ಕು: ಪದರ ಪದರವಾಗಿ ಏಳುವ, ಬೆರಳಿನಿಂದ ಕೆರೆದರೆ ಉದುರುವ, ಪಕ್ಕದ ಒಳ್ಳೆಯ ಬಣ್ಣದ ಅಡಿಗೆ ನುಗ್ಗುತ್ತಿರುವಂಥದ್ದು. ಇದನ್ನು ನಿಲ್ಲಿಸದಿದ್ದರೆ ಉಳಿದ ಬಣ್ಣವೂ ಹೋಗುತ್ತದೆ. ಬ್ಯಾಟರಿ ಇಡುವ ತಟ್ಟೆ ಮತ್ತು ಹಿಂದಿನ ಚಕ್ರಗಳ ರಿಮ್ಮು ಇಂಥ ತುಕ್ಕಿನ ಮುಖ್ಯ ನೆಲೆಗಳು. ಹಿಂದಿನ ಟೈರುಗಳಿಗೆ ತೂಕ ಬರಲೆಂದು ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣ ತುಂಬಿಸುವ ರೂಢಿ ಇಲ್ಲಿ ವ್ಯಾಪಕವಾಗಿತ್ತು; ವಾಲ್ವಿನ ಬುಡದಲ್ಲಿ ಬಿಳಿಯ ಪುಡಿಯೋ ಆಳವಾದ ತುಕ್ಕೋ ಕಂಡರೆ ಒಳಗೆ ಆ ಉಪ್ಪುನೀರು ಇದೆ ಎಂದೇ ತಿಳಿದು, ಮೊದಲು ಅದನ್ನು ಖಾಲಿ ಮಾಡಿ ರಿಮ್ಮನ್ನು ಚೆನ್ನಾಗಿ ತೊಳೆಯಿರಿ.

ಟ್ರ್ಯಾಕ್ಟರನ್ನು ತೊಳೆಯಲು ರಭಸದ ನೀರು ಚಿಮ್ಮುವ ಪ್ರೆಶರ್ ವಾಷರ್ ಬೇಡ. ಅದು ಬಾನೆಟ್ಟಿನ ಬದಿಯ ಅಕ್ಷರಗಳ ಸ್ಟಿಕ್ಕರನ್ನು ಕಿತ್ತುಹಾಕುತ್ತದೆ, ಬೇರಿಂಗುಗಳೊಳಗೆ ನೀರು ನುಗ್ಗಿಸುತ್ತದೆ. ಗಟ್ಟಿಯಾದ ಗ್ರೀಸಿಗೆ ಸೀಮೆಎಣ್ಣೆ ಅಥವಾ ಮಿನರಲ್ ಸ್ಪಿರಿಟ್ಸ್ ಹಚ್ಚಿ, ನೆನೆಯಲು ಬಿಟ್ಟು, ಮರದ ಚಕ್ಕೆಯಿಂದ ಎಬ್ಬಿಸಿ; ಆಮೇಲೆ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ನೀರು ಸಾಕು. ಅರ್ಧ ಶತಮಾನಕ್ಕೂ ಮಿಕ್ಕಿ ಕುಳಿತ ಗ್ರೀಸಿನ ಅಡಿಯಲ್ಲಿ ಬಣ್ಣವು ಹೊಸದರಂತೆ ಉಳಿದಿರುವುದು ಆಗಾಗ ಸಿಗುವ ಬಹುಮಾನ. ಯಾವುದೇ ದ್ರವವನ್ನಾದರೂ ಮೊದಲು ಸೀಟಿನ ಅಡಿಯಂಥ ಕಣ್ಣಿಗೆ ಬೀಳದ ಜಾಗದಲ್ಲಿ ಹಚ್ಚಿ, ಬಟ್ಟೆಗೆ ಹಳದಿ ಎಷ್ಟು ಅಂಟುತ್ತದೆ ಎಂದು ನೋಡಿ ಮುಂದುವರಿಯಿರಿ. ಸ್ಟಿಕ್ಕರಿನ ಮೇಲೆ ನೀರು ಬಿಟ್ಟು ಬೇರೇನನ್ನೂ ಹಚ್ಚಬೇಡಿ.

ತುಕ್ಕಿಗೆ ನಾನು ನೆಚ್ಚಿಕೊಂಡಿರುವುದು ಆಕ್ಸಾಲಿಕ್ ಆಮ್ಲವನ್ನು. ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮರದ ಕಲೆ ತೆಗೆಯುವ ಪುಡಿಯಾಗಿ ಅದು ಸಿಗುತ್ತದೆ. ಹುಣಸೆಹುಳಿಯು ತಾಮ್ರದ ಚೊಂಬಿನ ಕಿಲುಬನ್ನು ಕರಗಿಸುವಂತೆ ಈ ಆಮ್ಲವು ತುಕ್ಕನ್ನು ಕರಗಿಸುತ್ತದೆ, ಗಟ್ಟಿಯಾಗಿ ಕುಳಿತ ಎನಾಮಲ್ ಬಣ್ಣದ ಗೊಡವೆಗೆ ಹೆಚ್ಚಾಗಿ ಹೋಗುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ತೆಳುವಾಗಿ ಬೆರೆಸಿ, ಬಿಡಿಯಾಗಿ ಕಳಚಬಹುದಾದ ಭಾಗಗಳನ್ನು ಅದರಲ್ಲಿ ಮುಳುಗಿಸಿ, ಕಳಚಲಾಗದ ಕಡೆ ನೆನೆಸಿದ ಬಟ್ಟೆಯನ್ನು ಹೊದಿಸಿ ಮೇಲೆ ಪ್ಲಾಸ್ಟಿಕ್ ಸುತ್ತಿ ಒಣಗದಂತೆ ನೋಡಿಕೊಳ್ಳಿ. ಕೆಲವು ಗಂಟೆಗಳಿಗೊಮ್ಮೆ ತೆರೆದು ನೋಡಿ, ಸಾಕೆನಿಸಿದಾಗ ತೆಗೆದು, ಅಡಿಗೆ ಸೋಡಾದ ನೀರಿನಿಂದ ತೊಳೆದು ಕೂಡಲೇ ಒಣಗಿಸಬೇಕು, ಇಲ್ಲವಾದರೆ ಹಳದಿ ಛಾಯೆಯ ಪುಡಿ ಉಳಿದುಬಿಡುತ್ತದೆ. ಇದು ವಿಷ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಕಡ್ಡಾಯ, ಮಕ್ಕಳೂ ನಾಯಿಗಳೂ ಸುಳಿಯದ ಜಾಗದಲ್ಲಿ ಇಡಬೇಕು. ಫಾಸ್ಫಾರಿಕ್ ಆಮ್ಲವು ತುಕ್ಕನ್ನು ಕಪ್ಪಾಗಿಸಿ ಬಿಡುವುದರಿಂದ ಕಣ್ಣಿಗೆ ಕಾಣುವ ಭಾಗಗಳಿಗೆ ಅದನ್ನು ಬಳಸುವುದು ನನಗೆ ಇಷ್ಟವಿಲ್ಲ.

ಬಣ್ಣದ ಮೇಲೆ ಕೈಯಾಡಿಸಿದರೆ ಸೀಮೆಸುಣ್ಣದಂಥ ಹಳದಿ ಪುಡಿ ಅಂಟುತ್ತಿದ್ದರೆ, ಬಿಸಿಲಿನಿಂದ ಮೇಲ್ಪದರದ ಅಂಟು ಸತ್ತು ವರ್ಣದ್ರವ್ಯ ಸಡಿಲವಾಗಿದೆ ಎಂದರ್ಥ. ಅತಿ ನಯವಾದ ಪಾಲಿಶ್ ಹಚ್ಚಿ ಕೈಯಿಂದಲೇ, ಮೂಲೆ ಮತ್ತು ಅಂಚುಗಳನ್ನು ಬಿಟ್ಟು, ಆ ಪುಡಿಯನ್ನಷ್ಟೇ ತೆಗೆಯಿರಿ. ಅಂಚಿನಲ್ಲಿ ಬಣ್ಣ ಎಲ್ಲಕ್ಕಿಂತ ತೆಳುವಾಗಿರುತ್ತದೆ, ಮೋಟಾರಿನ ಬಫರ್ ಅಲ್ಲಿ ಕ್ಷಣಮಾತ್ರದಲ್ಲಿ ಕಬ್ಬಿಣ ತೋರಿಸಿಬಿಡುತ್ತದೆ. ಆನಂತರ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯ ಮೇಣ. ಬರಿಯ ಕಬ್ಬಿಣದ ಮೇಲೂ ಅದೇ ಮೇಣವನ್ನು ತೆಳುವಾಗಿ ಎರಡು ಸಲ ಹಚ್ಚಿದರೆ ತುಕ್ಕಿಗೆ ತಡೆಯಾಗುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹಚ್ಚಿದರಾಯಿತು. ಕುದಿಸಿದ ಅಗಸೆ ಎಣ್ಣೆಯನ್ನು ಹೊಗಳುವವರು ಬಹಳ ಮಂದಿ ಇದ್ದಾರೆ, ಮೊದಲ ದಿನ ಅದು ನಿಜಕ್ಕೂ ಸೊಗಸಾಗಿ ಹೊಳೆಯುತ್ತದೆ. ಆದರೆ ಕಾಲ ಕಳೆದಂತೆ ಕಪ್ಪಾಗುತ್ತದೆ, ಒಣಗುವ ತನಕ ಧೂಳು ಹಿಡಿಯುತ್ತದೆ, ತೆಗೆಯುವುದೂ ಕಷ್ಟ. ಜೊತೆಗೆ, ಆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲುದು. ಬಳಸುವುದೇ ಆದರೆ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಿ. ಪಾರದರ್ಶಕ ವಾರ್ನಿಷ್ ಅಥವಾ ಕ್ಲಿಯರ್ ಕೋಟ್ ಅಂತೂ ಖಂಡಿತ ಬೇಡ. ಅದರ ಅಡಿಯಲ್ಲಿ ಉಳಿದ ತುಕ್ಕು ಕಾಣದಂತೆ ಹರಡುತ್ತದೆ, ಕೊನೆಗೆ ಪದರ ಎದ್ದಾಗ ಮೂಲ ಬಣ್ಣವನ್ನೂ ಹಿಡಿದುಕೊಂಡೇ ಏಳುತ್ತದೆ.

ಹಿಂದಿನವರು ಯಾರೋ ಸ್ಪ್ರೇ ಡಬ್ಬಿಯಿಂದ ಮೇಲೊಂದು ಬಣ್ಣ ಹೊಡೆದಿರುವುದೂ ಉಂಟು, ಬಾನೆಟ್ಟಿನ ಒಳಮೈಯನ್ನೂ ಹೊರಮೈಯನ್ನೂ ಹೋಲಿಸಿದರೆ ಅದು ಗೊತ್ತಾಗುತ್ತದೆ. ಅಂಥ ಬಣ್ಣವು ಕಾರ್ಖಾನೆಯ ಬಣ್ಣಕ್ಕಿಂತ ಮೆದುವಾಗಿರುವುದರಿಂದ, ತಾಳ್ಮೆಯಿದ್ದರೆ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಅಂಗೈಯಗಲದ ಜಾಗವನ್ನು ಒಂದೊಂದಾಗಿ ಒರೆಸುತ್ತ ಅಡಿಯ ಬಣ್ಣವನ್ನು ಹೊರತರಬಹುದು.

ಇನ್ನು ಎಂಜಿನ್. ಸ್ಟಾರ್ಟರ್ ಹಾಕಿ ಬಲವಂತವಾಗಿ ತಿರುಗಿಸುವುದಾಗಲಿ, ಗೇರಿನಲ್ಲಿಟ್ಟು ಕಾರಿನಿಂದ ಎಳೆಯುವುದಾಗಲಿ ಮಾಡಬೇಡಿ. ಮೊದಲು ಎಂಜಿನ್ನನ್ನು ಚಾಲೂ ಮಾಡುವ ಮತ್ತು ಬ್ಯಾಟರಿಯನ್ನು ಚಾರ್ಜ್ ಮಾಡುವ ಎರಡೂ ಕೆಲಸದ ಸ್ಟಾರ್ಟರ್-ಜನರೇಟರಿನ ಬೆಲ್ಟನ್ನು ಬಿಚ್ಚಿ, ಬಿಗಿಯಾಗಿ ಹಿಡಿದುಕೊಂಡಿರುವುದು ಎಂಜಿನ್ನೇ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಿ. ಜನರೇಟರಿನ ಬೇರಿಂಗೇ ಹಿಡಿದುಕೊಂಡಿರುವುದೂ ಅಪರೂಪವಲ್ಲ. ಎಂಜಿನ್ನೇ ಆದರೆ ಸ್ಪಾರ್ಕ್ ಪ್ಲಗ್ ತೆಗೆದು ತುಕ್ಕು ಸಡಿಲಿಸುವ ಎಣ್ಣೆಯನ್ನು ಒಳಗೆ ಸುರಿದು ಕೆಲವು ದಿನ ಬಿಡಿ, ನಡುನಡುವೆ ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಇದು ವಾಲ್ವುಗಳು ಬ್ಲಾಕಿನಲ್ಲಿಯೇ ಇರುವ ಚಪ್ಪಟೆ ಹೆಡ್ಡಿನ ಎಂಜಿನ್ ಆದ್ದರಿಂದ, ಹೆಡ್ ಬಿಚ್ಚಿದರೆ ಪಿಸ್ಟನ್ನೂ ಎರಡು ವಾಲ್ವುಗಳೂ ಕಣ್ಣೆದುರಿಗೇ ಇರುತ್ತವೆ. ನಿಂತುಹೋದ ವಾಲ್ವನ್ನು ಎಣ್ಣೆ ಹಾಕಿ ಸಡಿಲಿಸುವುದು ಸುಲಭ. ಎಂಜಿನ್ ತಿರುಗಿತೆಂದು ಸಂತೋಷಪಟ್ಟು ಅಲ್ಲಿಗೇ ಬಿಡದೆ, ಫ್ಲೈವೀಲಿನ ಮೇಲಿನ ತಗಡಿನ ಹೊದಿಕೆಯನ್ನು ಬಿಚ್ಚಿ ನೋಡಿ. ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿ ಇಲಿಗಳು ಗೂಡು ಕಟ್ಟುವುದು ಅಲ್ಲಿಯೇ. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳ ನಡುವೆ ಹುಲ್ಲು ತುಂಬಿದ್ದರೆ ಒಂದೇ ದಿನದ ಓಟಕ್ಕೆ ಎಂಜಿನ್ ಅತಿಯಾಗಿ ಕಾದು ಹಾಳಾಗಬಹುದು. ಬೋಲ್ಟುಗಳಿಗೆ ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ತಲೆ ಸವೆದುಹೋದ ಬೋಲ್ಟನ್ನು ಗ್ಯಾಸ್ ಟಾರ್ಚಿನ ಉರಿಯಿಂದ ಕಾಯಿಸಬೇಕಾಗಿ ಬಂದರೆ ಸುತ್ತಲಿನ ಬಣ್ಣವೂ ಸುಟ್ಟುಹೋಗುತ್ತದೆ.

ಈ ಎಂಜಿನ್ನಿಗೆ ಆಯಿಲ್ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ತುದಿಯ ಸೌಟಿನಂಥ ಭಾಗವು ಎಣ್ಣೆಯನ್ನು ಎರಚುತ್ತದೆ. ಆದ್ದರಿಂದ ಹಳೆಯ ಎಣ್ಣೆಯನ್ನು ಪೂರ್ತಿ ಹೊರಹಾಕಿ ಎಸ್‌ಎಇ 30 ದರ್ಜೆಯ ಎಂಜಿನ್ ಎಣ್ಣೆ ತುಂಬಿಸಿ, ಮಟ್ಟ ಎಂದೂ ಇಳಿಯದಂತೆ ನೋಡಿಕೊಂಡು, 25 ಗಂಟೆಗಳ ಓಟಕ್ಕೊಮ್ಮೆ ಬದಲಾಯಿಸಿ. ಟ್ಯಾಂಕು ಮತ್ತು ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಒಣಗಿರುತ್ತದೆ, ಎಲ್ಲ ರಂಧ್ರಗಳನ್ನೂ ಬಿಡಿಸಿ ತೊಳೆಯದೆ ಬೇರೆ ದಾರಿಯಿಲ್ಲ. ರಬ್ಬರಿನ ಪೈಪನ್ನು ಬದಲಾಯಿಸಿ, ಸಾಧ್ಯವಾದರೆ ಎಥನಾಲ್ ಬೆರೆಸದ ಪೆಟ್ರೋಲನ್ನೇ ಹುಡುಕಿ ತನ್ನಿ. ತುಂಬುವಾಗ ಚೆಲ್ಲಿದ ಪೆಟ್ರೋಲು ಹಳೆಯ ಬಣ್ಣವನ್ನು ಮೆತ್ತಗಾಗಿಸುವುದರಿಂದ ಕೈಯಲ್ಲೊಂದು ಬಟ್ಟೆ ಇರಲಿ. ಇದೇ ಕಾರಣಕ್ಕೆ ಎಂಜಿನ್ ಕೆಲಸವೆಲ್ಲ ಮುಗಿದ ಮೇಲೆಯೇ ಮೇಣ ಹಚ್ಚುವುದು ಜಾಣತನ.

ಕಿಡಿಯ ವ್ಯವಸ್ಥೆ ಸರಳವಾಗಿದೆ. ಪಾಯಿಂಟುಗಳು ಎಂಜಿನ್ನಿನ ಹೊರಮೈಯಲ್ಲಿ ಒಂದು ಮುಚ್ಚಳದ ಅಡಿಯಲ್ಲೇ ಇವೆ, ಫ್ಲೈವೀಲ್ ತೆಗೆಯಬೇಕಾಗಿಲ್ಲ. ಅವುಗಳನ್ನು ಶುಚಿಗೊಳಿಸಿ, ಪೂರ್ತಿ ತೆರೆದಾಗಿನ ಅಂತರವನ್ನು 0.020 ಇಂಚಿಗೆ, ಅಂದರೆ ಅರ್ಧ ಮಿಲಿಮೀಟರಿಗೆ ಹೊಂದಿಸಿ, ಕಂಡೆನ್ಸರನ್ನು ಹೊಸದು ಹಾಕಿ. ಸ್ಟಾರ್ಟರ್-ಜನರೇಟರಿನ ವೈರು ಬಿಚ್ಚಿ ಜೋಡಿಸಿದ್ದರೆ, ಎಂಜಿನ್ ಚಾಲೂ ಮಾಡುವ ಮೊದಲು ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ತುದಿಗಳನ್ನು ಒಂದು ವೈರಿನಿಂದ ಕ್ಷಣಮಾತ್ರ ತಾಗಿಸಿ ಧ್ರುವೀಕರಿಸಬೇಕು. ಇದನ್ನು ಬಿಟ್ಟವರೇ ಹೊಸ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದು ಆಮೇಲೆ ಕೇಳುವವರು.

ಗೇರ್‌ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಖಾಲಿ ಮಾಡಿ ಹೈ-ಟ್ರಾನ್ ಎಂಬ ಗೇರ್‌ಬಾಕ್ಸಿನ ಎಣ್ಣೆ ತುಂಬಿಸಿ. ಬ್ರೇಕಿನ ವಿಷಯದಲ್ಲಿ ಹಳೆಯದರ ಮೇಲಿನ ಪ್ರೀತಿಯನ್ನು ಪಕ್ಕಕ್ಕಿಡಿ: ಸವೆದ ಭಾಗ ಕಂಡರೆ ಬದಲಾಯಿಸಿ, ಇಳಿಜಾರಿಗೆ ಒಯ್ಯುವ ಮೊದಲು ಸಮತಟ್ಟಾದ ನೆಲದಲ್ಲಿ ಪರೀಕ್ಷಿಸಿ. ಹೊಸದಾಗಿ ಹಾಕಿದ ಬೋಲ್ಟುಗಳು ಹಳೆಯ ಮೈಯಲ್ಲಿ ಬೆಳ್ಳಗೆ ಹೊಳೆದು ಕಣ್ಣಿಗೆ ಚುಚ್ಚಿದರೆ ಅವುಗಳನ್ನು ಕೃತಕವಾಗಿ ಹಳತಾಗಿಸುವ ಗೋಜಿಗೆ ನಾನು ಹೋಗುವುದಿಲ್ಲ. ಎರಡು ಮಳೆಗಾಲ ಕಳೆದರೆ ಅವೂ ಮಂಕಾಗುತ್ತವೆ, ಯಾವುದು ಹೊಸದು ಯಾವುದು ಹಳೆಯದು ಎಂದು ಮುಂದೆ ನೋಡುವವರಿಗೆ ತಿಳಿದರೆ ತಪ್ಪೇನೂ ಇಲ್ಲ. ತೆಗೆದ ಹಳೆಯ ಭಾಗಗಳನ್ನು ಮಾತ್ರ ಎಸೆಯದೆ ಒಂದು ಡಬ್ಬಿಯಲ್ಲಿ ಹೆಸರು ಬರೆದಿಡಿ.

ಚಳಿಗಾಲದಲ್ಲಿ ಹಿಮ ತಳ್ಳಲು ಬಳಸುವುದಾದರೆ ರಸ್ತೆಗೆ ಹಾಕಿದ ಉಪ್ಪು ತಗಲಿದ ದಿನವೇ ಒದ್ದೆ ಬಟ್ಟೆಯಿಂದ ಅಡಿಭಾಗವನ್ನೂ ರಿಮ್ಮುಗಳನ್ನೂ ಒರೆಸಿ ಒಣಗಿಸಿ, ಕಣ್ಣಿಗೆ ಕಾಣದ ಒಳಮೈಗಳಿಗೆ ಲ್ಯಾನೋಲಿನ್ (ಕುರಿಯ ಉಣ್ಣೆಯ ಜಿಡ್ಡು) ಇರುವ ಸ್ಪ್ರೇ ಹೊಡೆಯಿರಿ. ಬಳಸದೆ ನಿಲ್ಲಿಸುವುದಾದರೆ ಪೆಟ್ರೋಲನ್ನು ಕಾರ್ಬೊರೇಟರಿನಿಂದಲೂ ಖಾಲಿ ಮಾಡಿ, ಬ್ಯಾಟರಿಯನ್ನು ಬಿಚ್ಚಿ ಒಳಗಿಟ್ಟು, ಟ್ರ್ಯಾಕ್ಟರಿನ ಮೇಲೆ ಹತ್ತಿಯ ಹಳೆಯ ಹೊದಿಕೆಯನ್ನು ಹೊದಿಸಿ. ಪ್ಲಾಸ್ಟಿಕ್ ಟಾರ್ಪಾಲು ಒಳಗಿನ ತೇವವನ್ನು ಹೊರಗೆ ಬಿಡದೆ, ನೀವು ನಿಲ್ಲಿಸಿದ ತುಕ್ಕನ್ನು ವಸಂತದೊಳಗೆ ಮತ್ತೆ ಎಬ್ಬಿಸುತ್ತದೆ.