ಗ್ಯಾಸ್ ಟ್ಯಾಂಕ್ ಪೂರ್ತಿ ತುಂಬಲ್ಲ ಅಂದರೆ ಮೋಸ ಅಲ್ಲ

ಅಣ್ಣ, ರಾಯಚೂರಲ್ಲಿ ಹಳೇ ವ್ಯಾಗನ್‌ಆರ್ ಡ್ಯುಯೋ ಕೊಂಡಿದ್ದೀರಿ, ಅಂದರೆ ಪೆಟ್ರೋಲ್ ಮತ್ತು ಎಲ್‌ಪಿಜಿ ಗ್ಯಾಸ್ ಎರಡರಲ್ಲೂ ಓಡುವ ಕಾರು. 30 ಲೀಟರ್ ಟ್ಯಾಂಕಿಗೆ ಬಂಕಿನವರು 24ಕ್ಕೇ ನಿಲ್ಲಿಸಿದರು, ಮೋಸವಾ ಅಂತ ಕೇಳಿದ್ದೀರಿ. ಅಲ್ಲ. ಗ್ಯಾಸ್ ಟ್ಯಾಂಕ್ ತುಂಬಿಸುವುದೇ 80 ಪರ್ಸೆಂಟ್. ಒಳಗೆ ಒಂದು ತೇಲುಬುರುಡೆ ಇರುತ್ತದೆ, ಆ ಮಟ್ಟಕ್ಕೆ ಬಂದ ಕೂಡಲೇ ವಾಲ್ವ್ ಮುಚ್ಚುತ್ತದೆ. ದ್ರವ ಗ್ಯಾಸ್ ಬಿಸಿಯಾದರೆ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕಲ್ವಾ? ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಿಲ್ಲ. ‘ಇನ್ನೂ ಸ್ವಲ್ಪ ಒತ್ತಿ’ ಅಂತ ಹುಡುಗನಿಗೆ ಗಂಟು ಬೀಳಬೇಡಿ. ನಳಿಗೆ ಬಿಚ್ಚುವಾಗ ‘ಪುಸ್’ ಅಂತ ಬಿಳಿ ಹೊಗೆ ಬರುತ್ತದೆ, ಅದು ಮಾಮೂಲು. ಆಮೇಲೂ ವಾಸನೆ ಬರುತ್ತಿದ್ದರೆ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ.

ಪೆಟ್ರೋಲ್ ಪೂರ್ತಿ ಬಿಟ್ಟುಬಿಡಲಾ ಅಂದಿರಿ. ಬೇಡ. ಬೆಳಗ್ಗೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಹಾಕಿ. ಎಂಜಿನ್ ತಣ್ಣಗಿಡಲು ಸುತ್ತುವ ನೀರು ಬಿಸಿಯಾದಾಗ, ಅದರಿಂದಲೇ ಗ್ಯಾಸ್ ಆವಿಯಾಗುವುದು. ಪೆಟ್ರೋಲ್ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇರಲಿ. ಒಳಗಿರುವ ಪಂಪ್ ತಣ್ಣಗಿರುವುದೇ ಅದರಿಂದ. ಸಿಂಧನೂರು, ಸಿರುಗುಪ್ಪ ಕಡೆಯಿಂದ ಬಳ್ಳಾರಿಗೆ ಹೋಗುವಾಗ ದಾರಿಯಲ್ಲಿ ಗ್ಯಾಸ್ ಸಿಗದಿದ್ದರೂ ಆ ಪೆಟ್ರೋಲೇ ಕಾಯುತ್ತದೆ.

ಗ್ಯಾಸಿನಲ್ಲಿ ಲೀಟರಿಗೆ ಮೈಲೇಜ್ ಪೆಟ್ರೋಲಿಗಿಂತ ಸುಮಾರು 20 ಪರ್ಸೆಂಟ್ ಕಡಿಮೆ ಬರುತ್ತದೆ. ಹಾಗಾಗಿ ಸುಮ್ನೆ ಲೀಟರ್ ರೇಟ್ ಹೋಲಿಸಬೇಡಿ, ಕಿಲೋಮೀಟರ್ ಲೆಕ್ಕ ಹಾಕಿ.

ಮನೆ ಸಿಲಿಂಡರ್‌ನಿಂದ ತುಂಬಿಸಿಕೊಡುತ್ತೇವೆ ಅನ್ನುವವರ ಹತ್ತಿರ ಸುಳಿಯಲೇಬೇಡಿ. ಅದು ಕಾನೂನುಬಾಹಿರ, ಅಪಾಯವೂ ಜಾಸ್ತಿ. ಆರ್‌ಸಿಯಲ್ಲಿ ಪೆಟ್ರೋಲ್ ಜೊತೆ ಎಲ್‌ಪಿಜಿ ಅಂತಲೂ ಇದೆಯಾ, ಗ್ಯಾಸ್ ಟ್ಯಾಂಕಿನ ಮೇಲೆ ಪರೀಕ್ಷೆಯ ತಾರೀಖು ಏನಿದೆ, ಇವೆರಡನ್ನು ಈ ವಾರವೇ ನೋಡಿಕೊಳ್ಳಿ.